ಒಂದು ಪೌಂಡ್ ಮೊಸಳೆ

ಕುಂದಾಪುರದ ಕಡೆ ಹುಟ್ಟಿ ಬೆಳೆದವರಿಗೆ ಪೇಟೆಯಿಂದ ಬಂದ ಚೀಲ ಬಿಚ್ಚುವ ಮೊದಲೇ ಒಳಗಿರುವುದು ಬಂಗುಡೆ ಮೀನೋ ಭೂತಾಯಿ ಮೀನೋ ಎಂದು ಮೂಗು ಹೇಳಿಬಿಡುತ್ತದೆ. ಲೂಯಿಸಿಯಾನಾದ ಲಫಾಯೆಟ್ ಪಟ್ಟಣದಲ್ಲಿ ನಾನು ಕೊಂಡು ತಂದ ಒಂದು ಪೌಂಡಿನ ಪೊಟ್ಟಣದ ಮುಂದೆ ಮಾತ್ರ ಆ ಮೂಗು ಮೌನ ತಾಳಿತು. ಮಂಜು ಬಿಟ್ಟ ಮೇಲೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ನಸುಗೆಂಪು ಛಾಯೆಯ ಬಿಳಿಯ ಮಾಂಸ, ಅಷ್ಟೇ. ಮೇಲಿನ ಚೀಟಿಯನ್ನು ಓದದಿದ್ದರೆ ಅದು ಅಲಿಗೇಟರಿನ ಬಾಲವೆಂದು ನಾನಂತೂ ಊಹಿಸುತ್ತಿರಲಿಲ್ಲ. ಕನ್ನಡದಲ್ಲಿ ಅಲಿಗೇಟರಿಗೂ ಕ್ರೊಕೊಡೈಲಿಗೂ ಮೊಸಳೆಯೆಂಬ ಒಂದೇ ಹೆಸರು ಇರುವುದರಿಂದ, ಹಿಂದೊಮ್ಮೆ ರಂಗನತಿಟ್ಟಿನಲ್ಲಿ ದೋಣಿಯಿಂದ ಕಂಡ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಪ್ರಾಣಿಯೇ ನನ್ನ ಸಿಂಕಿಗೆ ಬಂದು ಬಿದ್ದಿದೆ ಎಂಬ ಅಳುಕು ಬಹಳ ಹೊತ್ತು ಹೋಗಲಿಲ್ಲ. ರಂಗನತಿಟ್ಟಿನದು ಭಾರತದ 1972ರ ವನ್ಯಜೀವಿ ಕಾಯಿದೆಯ ಆಶ್ರಯದಲ್ಲಿರುವ ಬೇರೆಯೇ ಜಾತಿ ಎಂದು ಮನಸ್ಸಿಗೆ ಎರಡೆರಡು ಸಲ ತಿಳಿಹೇಳಬೇಕಾಯಿತು.

ಇಲ್ಲಿನ ಅಲಿಗೇಟರೂ ಒಂದು ಕಾಲಕ್ಕೆ ಅಳಿವಿನಂಚಿಗೆ ಹೋದದ್ದೇ. 1967ರಲ್ಲಿ ಅಮೆರಿಕ ಅದನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 1987ರಲ್ಲಿ ಚೇತರಿಸಿಕೊಂಡಿತೆಂದು ಸಾರಿತು. ಈಗ ಲೂಯಿಸಿಯಾನಾದ ಸಾಕಣೆದಾರರು ಜೌಗಿನ ಗೂಡುಗಳಿಂದ ಮೊಟ್ಟೆ ತಂದು, ಮರಿ ಮಾಡಿಸಿ, ಬೆಳೆದವುಗಳಲ್ಲಿ ಒಂದು ಪಾಲನ್ನು ಮರಳಿ ಜೌಗಿಗೆ ಬಿಡುತ್ತಾರೆ. ದುಡ್ಡು ಇರುವುದು ಚರ್ಮದಲ್ಲಿ. ಮಾಂಸವು ಅದರ ಬೆನ್ನಿಗೆ ಬರುವ ಲಾಭ.

ಹುರಿಯುವುದಕ್ಕಿಂತ ಹಸನುಗೊಳಿಸುವುದೇ ಇದರಲ್ಲಿ ದೊಡ್ಡ ಕೆಲಸ. ಮಾಂಸಕ್ಕೆ ಅಲ್ಲಲ್ಲಿ ಅಂಟಿಕೊಂಡಿರುವ ಕೊಬ್ಬನ್ನು ಎಳ್ಳಷ್ಟೂ ಉಳಿಸಬಾರದು, ಏಕೆಂದರೆ ಕೆಸರಿನಂಥ ಕೆಟ್ಟ ರುಚಿ ಇರುವುದು ಅದರಲ್ಲೇ. ಬೆಳ್ಳಿಯ ಹಾಳೆಯಂತೆ ಹೊಳೆಯುವ ತೆಳುಪೊರೆಯನ್ನು ಚೂರಿಯ ತುದಿಯಿಂದ ಎಬ್ಬಿಸಿ ಸುಲಿಯದಿದ್ದರೆ, ಅದು ಎಣ್ಣೆಯಲ್ಲಿ ಮುದುಡಿ ತುಂಡನ್ನು ರಬ್ಬರು ಮಾಡುತ್ತದೆ. ಪಕ್ಕದ ಮನೆಯ ಹಿರಿಯರು, ಹುಟ್ಟಾ ಕೇಜನ್ (ಲೂಯಿಸಿಯಾನಾದ ಫ್ರೆಂಚ್ ಮೂಲದ ಜನ) ಮನುಷ್ಯ, ಇಷ್ಟನ್ನು ಹೇಳಿಕೊಟ್ಟು, ಬೇಲಿಯಾಚೆ ನಿಂತೇ ನನ್ನ ಕೈಯ ನಿಧಾನವನ್ನು ನೋಡಿ ನಕ್ಕರು. ಅಂಜಲು ಮೀನಿನ ನಡುಮೂಳೆ ಬಿಟ್ಟರೆ ಬೇರೇನನ್ನೂ ಲೆಕ್ಕಿಸದೆ ಬೆಳೆದ ನನಗೆ ಅರ್ಧ ಗಂಟೆ ಹಿಡಿಯಿತು.

ಮುಂದಿನದು ನಮ್ಮವರಿಗೆ ಅಪರಿಚಿತವಲ್ಲ. ಒಂದಂಗುಲದ ತುಂಡುಗಳನ್ನು ಮಜ್ಜಿಗೆಯಲ್ಲಿ ಕೆಲವು ಗಂಟೆ ನೆನೆಸಬೇಕು. ಇಲ್ಲಿನ ಮಜ್ಜಿಗೆಯೋ, ನಮ್ಮ ಲೆಕ್ಕದಲ್ಲಿ ನೀರು ಹಾಕಲು ಮರೆತ ಮೊಸರು. ಬಳಿಕ ಮೈದಾ, ಮೆಕ್ಕೆಜೋಳದ ತರಿ, ಕೆಂಪುಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಕಾಳುಮೆಣಸು, ಉಪ್ಪು ಬೆರೆಸಿದ ತಟ್ಟೆಯಲ್ಲಿ ಹೊರಳಿಸಿ, ಸುಮಾರು 175 ಡಿಗ್ರಿ ಸೆಲ್ಸಿಯಸ್ ಕಾದ ಕಡಲೆಕಾಯಿ ಎಣ್ಣೆಗೆ ಬಿಡಬೇಕು. ಜೋಳದ ತರಿಯ ಜಾಗದಲ್ಲಿ ರವೆಯನ್ನು ಇಟ್ಟರೆ ಇದು ಕರಾವಳಿಯ ರವಾ ಫ್ರೈಯ ದಾಯಾದಿಯೇ. ಎರಡು ಮೂರು ನಿಮಿಷ ಸಾಕು. ನನ್ನ ಮೊದಲ ಸರದಿ, ಹೆದರಿಕೆಯಿಂದ ಐದು ನಿಮಿಷ ಬೆಂದು, ಅತಿಯಾಗಿ ಬೆಂದ ಬೊಂಡಾಸಿನಂತೆ (ಸ್ಕ್ವಿಡ್) ಹಲ್ಲಿಗೆ ತಿರುಗಿ ಬಿತ್ತು.

ಎರಡನೆಯದು ಚೆನ್ನಾಗಿತ್ತು. ಎಲ್ಲರೂ ಹೇಳುವಂತೆ ಕೋಳಿಯ ರುಚಿ ಎಂದುಬಿಡುವುದು ಸೋಮಾರಿತನ: ಕೋಳಿಗಿಂತ ಬಿಗಿ, ಮೀನಿಗಿಂತ ಸಪ್ಪೆ, ಕಚ್ಚಿದಾಗ ಮೊದಲು ಹೊದಿಕೆಯ ಖಾರ, ಆಮೇಲೆ ಬಹಳ ಹಿಂದೆ ಎಲ್ಲೋ ಕೆರೆಯ ನೆನಪು. ಅಷ್ಟೊಂದು ಭಯಂಕರ ಪ್ರಾಣಿಗೆ ಇಷ್ಟು ಸಾಧುವಾದ ರುಚಿಯೇ ಎಂದು ನನಗೆ ತುಸು ನಿರಾಸೆಯೂ ಆಯಿತೆನ್ನಬೇಕು. ಜೊತೆಗಿದ್ದ ರೆಮೊಲಾಡ್ ಚಟ್ನಿಯನ್ನು ಮುಟ್ಟದೆ ಲಿಂಬೆಹುಳಿ ಹಿಂಡಿಕೊಂಡೆ.

ಅದು ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ. ಕ್ಯಾಥೊಲಿಕರಾದ ಪಕ್ಕದ ಮನೆಯವರು ಮಾಂಸ ಮುಟ್ಟುವ ದಿನವಲ್ಲ. ತಟ್ಟೆ ಕೊಡಲು ಸಂಕೋಚಪಟ್ಟಾಗ ಅವರು ನಗುತ್ತ ಕೈಚಾಚಿದರು. ನ್ಯೂ ಆರ್ಲಿಯನ್ಸಿನ ಆಗಿನ ಆರ್ಚ್‌ಬಿಷಪ್ ಗ್ರೆಗರಿ ಏಮಂಡ್ ಅವರು 2010ರಲ್ಲೇ ಭಕ್ತರೊಬ್ಬರಿಗೆ ಬರೆದ ಪತ್ರದಲ್ಲಿ ಅಲಿಗೇಟರನ್ನು ಮೀನಿನ ಕುಲಕ್ಕೆ ಸೇರಿಸಿ ಅಪ್ಪಣೆ ಕೊಟ್ಟಿದ್ದಾರಂತೆ.

ರಾತ್ರಿ ಊರಿನಿಂದ ಅಮ್ಮ ಫೋನು ಮಾಡಿ ಊಟಕ್ಕೆ ಏನೆಂದು ಕೇಳಿದರು. ಫ್ರೈ ಎಂದೆ. "ಎಂತ ಮೀನ್?" ಎಂದರು. ಆರ್ಚ್‌ಬಿಷಪ್ಪರನ್ನು ನೆನೆದು, ದೊಡ್ಡ ಮೀನು, ಬಾಲದ ತುಂಡು ಎಂದೆ.