ಮನುಷ್ಯನಿಗೆ 8 ಸೆಕೆಂಡ್, ಮೀನಿಗೆ 9: ಈ ಲೆಕ್ಕ ಎಲ್ಲಿಂದ ಬಂತು?

"ಮೊಬೈಲ್‌ನಿಂದ ಮನುಷ್ಯನ ಗಮನ 8 ಸೆಕೆಂಡಿಗೆ ಇಳಿದಿದೆ. ಗೋಲ್ಡ್‌ಫಿಶ್‌ಗೇ 9 ಸೆಕೆಂಡ್ ಇದೆ!" ಬಾಗಲಕೋಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ಈ ಸಂದೇಶ ಸುತ್ತುತ್ತಿರುತ್ತದೆ. ಮಕ್ಕಳ ರೀಲ್ಸ್ ಹುಚ್ಚಿಗೆ ಬೇಸತ್ತವರು ತಕ್ಷಣ ನಂಬುತ್ತಾರೆ. ಆದರೆ ಇದಕ್ಕೆ ಆಧಾರವಿಲ್ಲ.

ಈ ಅಂಕಿ ಜೋರಾಗಿ ಹರಡಿದ್ದು 2015ರಲ್ಲಿ, ಮೈಕ್ರೋಸಾಫ್ಟ್‌ನ ಕೆನಡಾ ಶಾಖೆ ಜಾಹೀರಾತುದಾರರಿಗಾಗಿ ತಂದ ವರದಿಯಿಂದ. ಆ 8, 9 ಎರಡನ್ನೂ ಕಂಪನಿ ತಾನೇ ಅಳೆದಿರಲಿಲ್ಲ. ಬೇರೊಂದು ವೆಬ್‌ಸೈಟಿನಿಂದ ಎತ್ತಿಕೊಂಡಿತ್ತು. 2017ರಲ್ಲಿ ಬಿಬಿಸಿ ಇದರ ಮೂಲ ಹುಡುಕಿ ಹೊರಟಾಗ ಯಾವ ಸಂಶೋಧನೆಯೂ ಸಿಗಲಿಲ್ಲ. ಪಾಪ, ಮೀನಿನ ಮೇಲೂ ಸುಮ್ನೆ ಆರೋಪ. ಗೋಲ್ಡ್‌ಫಿಶ್ ಕಲಿತದ್ದನ್ನು ವಾರಗಟ್ಟಲೆ ನೆನಪಿಡುತ್ತದೆ.

ಅಷ್ಟಕ್ಕೂ ಗಮನಕ್ಕೆ ಒಂದೇ ಅಳತೆ ಇಲ್ಲ. ಏನು ಮಾಡುತ್ತಿದ್ದೇವೆ, ಅದು ಎಷ್ಟು ಹಿಡಿಸಿದೆ ಎನ್ನುವುದರ ಮೇಲೆ ಅದು ಬದಲಾಗುತ್ತದೆ. ರೀಲ್ಸ್ ಸರಸರ ತಳ್ಳುವ ಹುಡುಗನೇ ಐಪಿಎಲ್ ಮ್ಯಾಚ್ ಕೊನೆಯ ಓವರ್ ತನಕ ನೋಡುತ್ತಾನೆ. ಜಾತ್ರೆಯಲ್ಲಿ ಪಾರಿಜಾತ ಆಟವಿದ್ದರೆ ಜನ ಬೆಳಗಿನವರೆಗೂ ಕೂತಿರುತ್ತಾರೆ, ಅಲ್ವಾ?

ಹಾಗಂತ ಮೊಬೈಲಿನದು ಏನೂ ತಪ್ಪಿಲ್ಲ ಎಂದಲ್ಲ. ಅಮೆರಿಕದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಕಂಪ್ಯೂಟರ್ ಮುಂದೆ ಕೆಲಸ ಮಾಡುವವರನ್ನು ಗಮನಿಸಿದ್ದಾರೆ. 2004ರ ಸುಮಾರಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. ಈಚಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡ್. ಇದು ಪರದೆ ಬದಲಿಸುವ ಚಟದ ಲೆಕ್ಕವೇ ಹೊರತು ಮಿದುಳು ಕುಗ್ಗಿದ ಲೆಕ್ಕವಲ್ಲ. ಇನ್ನೊಂದು ಮಾತು: ಕೆಲಸ ನಡುವೆ ನಿಲ್ಲುವುದು ಪ್ರತಿ ಸಲ ನೋಟಿಫಿಕೇಷನ್‌ನಿಂದಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಸಲ ನಾವೇ ಬಿಟ್ಟು ಬೇರೆ ಕಡೆ ಹೋಗುತ್ತೇವಂತೆ.