ಹನ್ನೆರಡು ಹೆಸರು, ಏಳು ಜಾಗ: ಆಯ್ಕೆಯಾದ ಎಲ್ಲ ಮಕ್ಕಳನ್ನೂ ಆಡಿಸಲೇಬೇಕೇ?

ನಮ್ಮ ಪ್ರೌಢಶಾಲೆಗಳ ಕ್ರೀಡಾಕೂಟ ಹೋಬಳಿಯಿಂದ ಶುರುವಾಗುತ್ತದೆ. ಅಲ್ಲಿ ಗೆದ್ದ ತಂಡ ತಾಲ್ಲೂಕಿಗೆ, ಆಮೇಲೆ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಹೋಗುತ್ತದೆ. ಕಬಡ್ಡಿ ತಂಡದ ಪಟ್ಟಿಯಲ್ಲಿ 12 ಹೆಸರು ಇರುತ್ತವೆ, ಅಂಕಣಕ್ಕೆ ಇಳಿಯುವವರು 7 ಮಂದಿ. ಖೋ-ಖೋದಲ್ಲಿ 12ಕ್ಕೆ 9, ವಾಲಿಬಾಲ್‌ನಲ್ಲಿ 12ಕ್ಕೆ 6. ಉಳಿದ ಮಕ್ಕಳು ಹೊರಗೆ ಕೂರುತ್ತಾರೆ. ಹೋಬಳಿ ಮತ್ತು ತಾಲ್ಲೂಕು ಮಟ್ಟದಲ್ಲಾದರೂ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಇಷ್ಟು ಹೊತ್ತು ಆಟ ಸಿಗಲೇಬೇಕು ಅಂತ ನಿಯಮ ಮಾಡಬೇಕೇ?

ಪರ: ಹೆಸರು ಬರೆದ ಮೇಲೆ ಆಡಿಸಿ

ಮಳೆಗಾಲದಲ್ಲಿ ನಡೆಯುವ ಯಾವುದೇ ಹೋಬಳಿ ಕ್ರೀಡಾಕೂಟಕ್ಕೆ ಹೋಗಿ ನೋಡಿ. ಸುಣ್ಣದ ಗೆರೆಯ ಆಚೆ ಐದು ಮಕ್ಕಳು ಜರ್ಸಿ ಹಾಕಿಕೊಂಡು ಕೂತಿರುತ್ತಾರೆ. ಆಡುವವರ ಚಪ್ಪಲಿ, ನೀರಿನ ಬಾಟಲಿ ಕಾಯುವುದು ಅವರ ಕೆಲಸ. ಹೆಚ್ಚಿನ ಕಡೆ ಪಂದ್ಯಗಳು ನಾಕೌಟ್. ಮೊದಲ ಪಂದ್ಯದಲ್ಲೇ ಸೋತರೆ ಆ ವರ್ಷದ ಕ್ರೀಡೆ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಬೇಗ ಎದ್ದು, ಟೆಂಪೋದಲ್ಲಿ ಇಕ್ಕಟ್ಟಾಗಿ ಕೂತು ಬಂದ ಆ ಐದು ಮಕ್ಕಳು ಒಂದು ನಿಮಿಷವೂ ಆಡದೆ ಮನೆಗೆ ಹೋಗುತ್ತಾರೆ. ಇದನ್ನು ನಾವು ಎಷ್ಟೋ ವರ್ಷಗಳಿಂದ ನೋಡುತ್ತಾ ಬಂದಿದ್ದೇವೆ. ಅದಕ್ಕೇ ಇದು ತಪ್ಪು ಅಂತ ಅನ್ನಿಸುವುದೂ ನಿಂತುಹೋಗಿದೆ.

ಆಟದ ನಿಯಮ ಇದಕ್ಕೆ ಅಡ್ಡಿ ಬರುವುದಿಲ್ಲ. ಕಬಡ್ಡಿಯಲ್ಲಿ ಟೈಮ್‌ಔಟ್‌ನಲ್ಲಿ, ವಿರಾಮದಲ್ಲಿ ರೆಫರಿಗೆ ಹೇಳಿ ಹೊರಗಿನವರನ್ನು ಒಳಗೆ ಕಳಿಸಬಹುದು. ಹೊರಗೆ ಬಂದವರು ಮತ್ತೆ ಒಳಗೆ ಹೋಗಲೂಬಹುದು. ವಾಲಿಬಾಲ್‌ನಲ್ಲಿ ಒಂದು ಸೆಟ್‌ಗೆ ಆರು ಬದಲಾವಣೆಗೆ ಅವಕಾಶ ಇದೆ, ಪ್ರತಿ ಸೆಟ್‌ಗೂ ಬೇರೆ ಆರು ಮಂದಿಯನ್ನು ಇಳಿಸಬಹುದು. ಮೊದಲ ಸೆಟ್ ಸುಲಭವಾಗಿ ಗೆದ್ದ ತಂಡ ಎರಡನೇ ಸೆಟ್‌ನಲ್ಲೂ ಅದೇ ಆರು ಮಂದಿಯನ್ನೇ ಆಡಿಸುತ್ತದೆ. ಯಾಕೆ? ಬೇರೆಯವರನ್ನು ಆಡಿಸಿ ಅಂತ ಯಾರೂ ಹೇಳಿಲ್ಲ, ಅಷ್ಟೇ.

ವಯಸ್ಸಿನ ಮಾತು ಇನ್ನೂ ದೊಡ್ಡದು. ಎಂಟನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹುಡುಗರನ್ನು ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಐದನೇ ತರಗತಿಯವನ ಹಾಗೆ ಕಾಣುತ್ತಾನೆ. ಒಂದೇ ವರ್ಷ ಹುಟ್ಟಿದ ಮಕ್ಕಳ ನಡುವೆಯೂ ಹತ್ತು ಹನ್ನೊಂದು ತಿಂಗಳ ಅಂತರ ಇರಬಹುದು. ಆ ವಯಸ್ಸಿನಲ್ಲಿ ಅಷ್ಟು ಅಂತರ ತುಂಬಾ ಜಾಸ್ತಿ. ಬೇಗ ಬೆಳೆದವನು ಆಡುತ್ತಾನೆ, ಆಡಿದ್ದರಿಂದ ಕಲಿಯುತ್ತಾನೆ, ಕಲಿತಿದ್ದರಿಂದ ಮುಂದಿನ ವರ್ಷವೂ ಅವನೇ ಆಡುತ್ತಾನೆ. ತಡವಾಗಿ ಬೆಳೆಯುವವನಿಗೆ ಹತ್ತನೇ ತರಗತಿಯಲ್ಲಿ ಎತ್ತರ, ಬಲ ಎಲ್ಲಾ ಬಂದಿರುತ್ತದೆ, ಆದರೆ ಪಂದ್ಯ ಆಡಿದ ಅನುಭವವೇ ಇರುವುದಿಲ್ಲ. ಹದಿಮೂರನೇ ವಯಸ್ಸಿನಲ್ಲಿ ಯಾರು ಮುಂದೆ ಬರುತ್ತಾರೆ ಅಂತ ಹೇಳುವ ಶಕ್ತಿ ಯಾವ ತರಬೇತುದಾರರಿಗೂ ಇಲ್ಲ. ಇಲ್ಲದಿರುವಾಗ ಅವಕಾಶವನ್ನು ಹಂಚುವುದೇ ಸರಿ ಅಲ್ವಾ?

ಹೊರದೇಶಗಳಲ್ಲಿ ಇದನ್ನು ಮಾಡಿ ತೋರಿಸಿದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1964ರಲ್ಲಿ ಶುರುವಾದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ಅನ್ನುವ ಮಕ್ಕಳ ಫುಟ್‌ಬಾಲ್ ಸಂಸ್ಥೆಯಲ್ಲಿ ಪ್ರತಿ ಮಗುವೂ ಕಡಿಮೆ ಎಂದರೆ ಅರ್ಧ ಪಂದ್ಯ ಆಡಲೇಬೇಕು. ನಾರ್ವೆಯಲ್ಲಿ ಮಕ್ಕಳ ಕ್ರೀಡೆಗೆ ದೇಶಕ್ಕೆಲ್ಲಾ ಒಂದೇ ಕಟ್ಟುಪಾಡು 1987ರಿಂದ ಇದೆ. 11 ತುಂಬುವ ತನಕ ಗೆದ್ದವರು ಸೋತವರು ಅಂತ ರ‍್ಯಾಂಕ್ ಪಟ್ಟಿ ಹಾಕುವ ಹಾಗಿಲ್ಲ. ಇಷ್ಟು ಮೃದುವಾಗಿ ಮಕ್ಕಳನ್ನು ಬೆಳೆಸುವ ಆ ಪುಟ್ಟ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಎಲ್ಲರಿಗಿಂತ ಮೇಲಿತ್ತು. ಎಲ್ಲರನ್ನೂ ಆಡಿಸಿದರೆ ಗುಣಮಟ್ಟ ಬಿದ್ದುಹೋಗುತ್ತದೆ ಅನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಹೆಣ್ಣುಮಕ್ಕಳ ವಿಷಯ ಬಂದರೆ ನನಗೆ ಸಂಕಟ ಹೆಚ್ಚು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಮಗಳನ್ನು ಬೇರೆ ಊರಿಗೆ ಆಟಕ್ಕೆ ಕಳಿಸುವುದೇ ಒಂದು ದೊಡ್ಡ ಒಪ್ಪಿಗೆ. ಶಿಕ್ಷಕರು ಮನೆಗೇ ಬಂದು ಕೇಳಿಕೊಳ್ಳಬೇಕಾಗುತ್ತದೆ. ಅಷ್ಟೆಲ್ಲ ಆದ ಮೇಲೆ ಹುಡುಗಿ ಸಂಜೆ ಬಂದು "ಆಡಲಿಲ್ಲಮ್ಮ, ಸುಮ್ನೆ ಕೂತಿದ್ದೆ" ಅಂದರೆ ಮುಂದಿನ ವರ್ಷ ಅವಳನ್ನು ಕಳಿಸುತ್ತಾರೆಯೇ?

ನಿಯಮ ಕಷ್ಟದ್ದೇನಲ್ಲ. ಹೋಬಳಿ, ತಾಲ್ಲೂಕುಗಳಲ್ಲಿ ಕಬಡ್ಡಿಯಾದರೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಐದು ನಿಮಿಷ, ವಾಲಿಬಾಲ್ ಆದರೆ ಯಾವುದಾದರೂ ಒಂದು ಸೆಟ್‌ನಲ್ಲಿ ಜಾಗ. ಜಿಲ್ಲಾ ಮಟ್ಟದಿಂದ ಮೇಲೆ ಯಾರನ್ನು ಬೇಕಾದರೂ ಆಡಿಸಿಕೊಳ್ಳಲಿ.

ವಿರೋಧ: ನಿಮಿಷ ಹಂಚಬೇಡಿ, ಪಂದ್ಯ ಹೆಚ್ಚಿಸಿ

ಹೊರಗೆ ಕೂತ ಮಗುವಿನ ನೋವು ನಿಜ. ಶಾಲಾ ತಂಡ ಕಟ್ಟಿ ಕರೆದುಕೊಂಡು ಹೋದವರು ಯಾರೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ನಿಯಮ ಮೊದಲು ಪೆಟ್ಟು ಕೊಡುವುದು ಅದೇ ಮಗುವಿಗೆ.

ನಿಯಮ ಬಂದ ಮರುದಿನ ಏನಾಗುತ್ತದೆ ಯೋಚಿಸಿ. ಎಲ್ಲರನ್ನೂ ಆಡಿಸಲೇಬೇಕು ಅಂದರೆ ಶಿಕ್ಷಕರು ಕಬಡ್ಡಿಗೆ 12ರ ಬದಲು 10 ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ವಾಲಿಬಾಲ್‌ಗೆ ಎಂಟೇ ಮಂದಿ. ಮೊದಲು ಬಿಟ್ಟುಹೋಗುವವರು ಯಾರು? ದೊಡ್ಡವರ ಆಟ ನೋಡಿ ಕಲಿಯಲಿ ಅಂತ ಕರೆದುಕೊಂಡು ಹೋಗುತ್ತಿದ್ದ ಎಂಟನೇ ತರಗತಿಯ ಮಕ್ಕಳು. ಇವತ್ತು ಅವರಿಗೆ ಜರ್ಸಿಯಾದರೂ ಸಿಗುತ್ತದೆ, ದೊಡ್ಡ ಪಂದ್ಯ ಹತ್ತಿರದಿಂದ ಕಾಣುತ್ತದೆ, ಯಾರಾದರೂ ಕಾಲು ಉಳುಕಿಸಿಕೊಂಡರೆ ಅವಕಾಶ ಬರುತ್ತದೆ. ನಾಳೆ ಅವರು ಶಾಲೆಯಲ್ಲೇ ಉಳಿಯುತ್ತಾರೆ. ಪಟ್ಟಿಯ ಗಾತ್ರ ಮತ್ತು ಆಟದ ಸಮಯ ಒಂದಕ್ಕೊಂದು ಕಟ್ಟಿಹಾಕಿದ ವಿಷಯಗಳು. ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ.

ಇನ್ನು ಅಂಕಣದ ಒಳಗಿನ ಮಾತು. ಕಬಡ್ಡಿಯಲ್ಲಿ ಒಂದು ರೈಡ್, ಅಂದರೆ ಒಬ್ಬ ಆಟಗಾರ ಎದುರಾಳಿಯ ಅಂಕಣಕ್ಕೆ ನುಗ್ಗಿ ಬರುವುದು, 30 ಸೆಕೆಂಡ್. ಹೋಬಳಿಯಲ್ಲಿ ತಂಡಗಳು ಜಾಸ್ತಿ, ಸಮಯ ಕಡಿಮೆ, ಹಾಗಾಗಿ ಪಂದ್ಯದ ಅವಧಿ ಇಳಿಸುವುದು ಮಾಮೂಲು. ಅಷ್ಟರಲ್ಲಿ ಐದು ನಿಮಿಷ ಎಂದರೆ ಸಣ್ಣ ಕಾಲವಲ್ಲ. ರೈಡರ್‌ನನ್ನು ಹಿಡಿಯಲು ನಿಲ್ಲುವ ಸಾಲಿನ ಎಡ ಮೂಲೆಯಲ್ಲಿ (ಲೆಫ್ಟ್ ಕಾರ್ನರ್) ಅಭ್ಯಾಸ ಸಾಲದ ಹುಡುಗನನ್ನು ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ. ಎದುರಾಳಿ ರೈಡರ್‌ಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆಮೇಲೆ ಪ್ರತಿ ರೈಡೂ ಆ ಮೂಲೆಗೇ. ಏಳೂ ಮಂದಿ ಔಟಾಗಿ ಲೋನಾ ಬಿದ್ದರೆ ಎದುರಾಳಿಗೆ ಎರಡು ಅಂಕ ಹೆಚ್ಚುವರಿ. ಪಂದ್ಯ ಕೈಬಿಟ್ಟಿತು. ಟೆಂಪೋದಲ್ಲಿ ವಾಪಸ್ ಬರುವಾಗ "ನಿನ್ನಿಂದಲೇ ಸೋತ್ವಿ" ಅನ್ನುವ ಮಾತು ಕೇಳುವವನು ಅವನೇ. ಹದಿಮೂರರ ಹುಡುಗನನ್ನು ತಯಾರಿ ಇಲ್ಲದೆ ಆ ಜಾಗದಲ್ಲಿ ನಿಲ್ಲಿಸುವುದು ದಯೆ ಅಲ್ಲ. ಮೈಬಲದ ಅಂತರ ಜಾಸ್ತಿ ಇದ್ದರೆ ಮೊಣಕಾಲು, ಭುಜಕ್ಕೆ ಪೆಟ್ಟಾಗುವ ಭಯ ಬೇರೆ.

ನಾಕೌಟ್‌ನಲ್ಲಿ ಸೋತರೆ ಹನ್ನೆರಡೂ ಮಂದಿ ಸೋತ ಹಾಗೆ. ಆ ತಂಡದಲ್ಲಿ ಹತ್ತನೇ ತರಗತಿಯ ಹುಡುಗಿ ಒಬ್ಬಳಿರುತ್ತಾಳೆ. ಮೂರು ವರ್ಷ ಬೆಳಿಗ್ಗೆ ಬಂದು ಓಡಿದವಳು, ಅವಳಿಗೆ ಪ್ರೌಢಶಾಲೆಯಲ್ಲಿ ಇದೇ ಕೊನೆಯ ಅವಕಾಶ. ಜಿಲ್ಲೆಗೆ ಹೋದರೆ ಆಯ್ಕೆಗಾರರ ಕಣ್ಣಿಗೆ ಬೀಳುತ್ತಾಳೆ, ಕ್ರೀಡಾ ಇಲಾಖೆಯ ಹಾಸ್ಟೆಲ್ ದಾರಿ ತೆರೆಯಬಹುದು. ರಾಷ್ಟ್ರಮಟ್ಟದ ತನಕ ಹೋದರೆ ಆ ಸರ್ಟಿಫಿಕೇಟ್‌ಗೆ ಸಿಇಟಿಯ ಕ್ರೀಡಾ ಕೋಟಾದಲ್ಲೂ ಬೆಲೆ ಇದೆ. ಬಡ ಮನೆಯ ಮಗಳಿಗೆ ಇದು ಸಣ್ಣ ವಿಷಯವೇ? ಹೋಬಳಿ ಮಟ್ಟ ತಾನೇ, ಸೋತರೇನು ಅನ್ನುವವರು ಅವಳ ಕಡೆಯಿಂದ ಒಮ್ಮೆ ನೋಡಬೇಕು. ಅವಳ ಮೇಲಿನ ದಾರಿಯೆಲ್ಲ ಈ ಒಂದು ಬಾಗಿಲಿನಿಂದಲೇ ಹೋಗುತ್ತದೆ.

ನಾರ್ವೆಯ ಉದಾಹರಣೆ ಚೆನ್ನಾಗಿದೆ, ಆದರೆ ಆ ಕಟ್ಟುಪಾಡು ಹದಿಮೂರರ ಒಳಗಿನ ಮಕ್ಕಳಿಗೆ. ನಮ್ಮ ಪ್ರೌಢಶಾಲೆ ಶುರುವಾಗುವುದೇ ಅಲ್ಲಿಂದ. ಕ್ಯಾಲಿಫೋರ್ನಿಯಾದ ಸಾಕರ್ ಸಂಸ್ಥೆಯಲ್ಲಿ ಮಕ್ಕಳು ವಾರವಾರ ಲೀಗ್ ಪಂದ್ಯ ಆಡುತ್ತಾರೆ. ಒಂದು ಸೋತರೆ ಮುಂದಿನ ವಾರ ಇನ್ನೊಂದಿದೆ, ಹಾಗಾಗಿ ಹಂಚಿ ಆಡಿಸಬಹುದು. ಅದೇ ಅಮೆರಿಕದ ಹೈಸ್ಕೂಲ್‌ಗಳ ಮುಖ್ಯ ತಂಡದಲ್ಲಿ ಯಾರು ಎಷ್ಟು ಆಡಬೇಕು ಅಂತ ತೀರ್ಮಾನಿಸುವುದು ಸಾಮಾನ್ಯವಾಗಿ ಕೋಚ್. ಅಲ್ಲಿ ಕಿರಿಯರಿಗೆ ಜೂನಿಯರ್ ವಾರ್ಸಿಟಿ ಅಂತ ಬೇರೆ ತಂಡ, ಎಷ್ಟೋ ಕಡೆ ಮೊದಲ ವರ್ಷದವರಿಗೆ ಇನ್ನೊಂದು ತಂಡ ಇರುತ್ತದೆ. ನಾವು ಅವರಿಂದ ಕಲಿಯಬೇಕಾದ್ದು ಇದನ್ನು.

ಹೌದು, ಇನ್ನೊಂದು ತಂಡ ಕಟ್ಟೋಣ ಅಂದರೆ ನಮ್ಮಲ್ಲಿ ಎಷ್ಟೋ ಶಾಲೆಗಳಿಗೆ ದೈಹಿಕ ಶಿಕ್ಷಕರೇ ಇಲ್ಲ. ಇರುವ ಕಡೆ ಕಬಡ್ಡಿ, ಖೋ-ಖೋ, ಥ್ರೋಬಾಲ್, ಓಟ, ಎಸೆತ ಎಲ್ಲಾ ಒಬ್ಬರ ತಲೆ ಮೇಲೆ. ಅವರ ಕೈಗೆ ನಿಮಿಷ ಲೆಕ್ಕ ಬರೆಯುವ ಇನ್ನೊಂದು ಪುಸ್ತಕ ಕೊಡುವುದಕ್ಕಿಂತ ಖಾಲಿ ಹುದ್ದೆ ತುಂಬುವುದು ಮೇಲು. ಆದರೆ ಅದಕ್ಕೆ ಕಾಯದೆಯೂ ಕೆಲವು ಕೆಲಸ ಆಗುತ್ತದೆ. ಶನಿವಾರ ಶಾಲೆಯಲ್ಲೇ ಒಂದು ತರಗತಿಯ ತಂಡಕ್ಕೂ ಇನ್ನೊಂದು ತರಗತಿಯ ತಂಡಕ್ಕೂ ಲೀಗ್ ಪಂದ್ಯ ನಡೆಸಬಹುದು. ಅದಕ್ಕೆ ಬೇಕಾಗಿರುವುದು ಸುಣ್ಣ, ಒಂದು ಚೆಂಡು, ಸೀಟಿ ಊದುವ ಹತ್ತನೇ ತರಗತಿಯ ಒಬ್ಬ ಹುಡುಗ. ಹೋಬಳಿಯಲ್ಲಿ ನೇರ ನಾಕೌಟ್ ಬಿಟ್ಟು ನಾಲ್ಕು ನಾಲ್ಕು ಶಾಲೆಗಳ ಗುಂಪು ಮಾಡಿದರೆ ಪ್ರತಿ ತಂಡಕ್ಕೂ ಮೂರು ಪಂದ್ಯ ಖಾತ್ರಿ. ಆಗ ಯಾರೂ ಒತ್ತಾಯ ಮಾಡದಿದ್ದರೂ ಹೊರಗಿನವರು ಒಳಗೆ ಬರುತ್ತಾರೆ, ಯಾಕೆಂದರೆ ಒಂದೇ ದಿನ ಮೂರು ಪಂದ್ಯ ಅದೇ ಏಳು ಮಂದಿಯಿಂದ ಆಗುವುದಿಲ್ಲ.

ಇದರ ಜೊತೆಗೆ ಹೋಬಳಿ ಕೂಟಕ್ಕೆ ಒಂದು ದಿನ ಸೇರಿಸಿ. ಎಂಟು, ಒಂಬತ್ತನೇ ತರಗತಿಯವರ ಎರಡನೇ ತಂಡಗಳು ಅವತ್ತು ಆಡಲಿ. ಗೆದ್ದವರು ತಾಲ್ಲೂಕಿಗೆ ಹೋಗುವುದು ಬೇಡ, ಕಪ್ಪೂ ಬೇಡ. ಆ ಪಂದ್ಯಗಳಲ್ಲಿ ಪ್ರತಿ ಮಗುವೂ ಅರ್ಧ ಹೊತ್ತು ಆಡಲೇಬೇಕು ಅಂತ ನಿಯಮ ಮಾಡಿ, ನಾನೇ ಮೊದಲು ಸಹಿ ಹಾಕುತ್ತೇನೆ.