ಪಡುವಣ ಅಂಗಳ ಮುಚ್ಚಬೇಡಿ

ಆರ್ಥೊಡಾಕ್ಸ್ ಚರ್ಚ್ ಪಕ್ಕದ ಸಮುದಾಯ ಭವನ ದೊಡ್ಡದಾಗಿ ಎದ್ದು ಕಾಣಬೇಕು ಅಂತ ಬರೆದಿದ್ದೀರಿ. ನನಗೆ ಒಪ್ಪಿಗೆ ಇಲ್ಲ ಸರ್. ಈ ಸಂಪ್ರದಾಯದಲ್ಲಿ ಬಲಿಪೀಠ ಪೂರ್ವಕ್ಕೆ, ಮುಖ್ಯ ಬಾಗಿಲು ಸಾಮಾನ್ಯವಾಗಿ ಪಶ್ಚಿಮಕ್ಕೆ. ಹಬ್ಬದ ಮೆರವಣಿಗೆ ಚರ್ಚನ್ನು ಸುತ್ತಿ ಬರುತ್ತದೆ. ಆ ದಾರಿಗೆ, ಮುಂದಿನ ಅಂಗಳಕ್ಕೆ ಅಡ್ಡ ಕಟ್ಟಲೇಬಾರದು. ಭವನ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಚರ್ಚಿಗಿಂತ ತಗ್ಗಾಗಿರಲಿ.

ಇನ್ನು ಮಳೆ. ಮಲೆನಾಡಿನ ಎನ್.ಆರ್.ಪುರ (ನರಸಿಂಹರಾಜಪುರ), ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ಜಾಸ್ತಿ ಹೊಡೆಯುವುದು ನೈರುತ್ಯದಿಂದ. ಸುಮ್ನೆ ಚಪ್ಪಟೆ ತಾರಸಿ ಹಾಕಿದರೆ ಸೋರುತ್ತದೆ, ಅಲ್ವಾ? ಇಳಿಜಾರು ಹೆಂಚಿನ ಮಾಡು, ಅಗಲ ಜಗಲಿ ಬೇಕು. ಚರ್ಚಿನಿಂದ ಊಟದ ಹಾಲ್‌ವರೆಗೆ ಮಾಡು ಇರುವ ದಾರಿಯೂ ಬೇಕು. ಕುರ್ಬಾನ (ಚರ್ಚಿನ ಬಲಿಪೂಜೆ) ಮುಗಿಸಿದ ವಯಸ್ಸಾದವರು ನೆನೆಯದೆ ಬರಬೇಕಲ್ಲ, ದಯವಿಟ್ಟು ಅದನ್ನು ನಕ್ಷೆಯಲ್ಲಿ ಸೇರಿಸಿ.